ಎಮ್ಮೆ ಕಲಿತ ‘ಸಾರಿ’

ಕೊಟ್ಟಿಗೆಯ ಎಮ್ಮೆ ಕೋಳಿಯತ್ತ ತಿರುಗಿ “ಸಾರಿ” ಎಂದಿತು. ಆಮೇಲೆ ಅದರ ಮೊಟ್ಟೆಗಳ ಮೇಲೆಯೇ ಮಲಗಿತು. ಐದರಲ್ಲಿ ಮೂರು ಒಡೆದವು.

“ಹಾಗೆಂದರೇನು?” ಎಂದು ಕೋಳಿ ಕೇಳಿತು.

“ಇಂಗ್ಲಿಷ್ ಮಾತು. ದನದ ಡಾಕ್ಟರು ನನಗೆ ಸೂಜಿ ಚುಚ್ಚುವ ಮೊದಲು ಹೇಳುತ್ತಾರೆ. ಅದನ್ನು ಹೇಳಿಬಿಟ್ಟರೆ ಮುಂದೆ ಏನು ಮಾಡಿದರೂ ಯಾರೂ ಕೇಳುವಂತಿಲ್ಲ.”

ಶಾಲೆಯ ಹಿತ್ತಿಲಲ್ಲಿ ಹಳೆಯ ನಿಘಂಟೊಂದನ್ನು ಪೂರ್ತಿ ತಿಂದು ಪಂಡಿತ ಎನಿಸಿಕೊಂಡಿದ್ದ ಕತ್ತೆಯನ್ನು ಕೋಳಿ ಕರೆತಂದಿತು. ಕತ್ತೆ ಗಂಟಲು ಸರಿಮಾಡಿಕೊಂಡಿತು. “ಆ ಪದದ ಮೂಲ ನೋವು. ಹಿಂದೆ ನೊಂದವರು ಮಾತ್ರ ಅದನ್ನು ಆಡುತ್ತಿದ್ದರು. ಎಮ್ಮೆಯವರೇ, ತಮಗೆ ಎಲ್ಲಾದರೂ ನೋಯುತ್ತಿದೆಯೇ?”

ಎಮ್ಮೆ ಮೆಲುಕು ಹಾಕುತ್ತ ಯೋಚಿಸಿತು. “ನನಗಿಲ್ಲ. ಆದರೆ ಕೋಳಿಗೆ ನೋವಾಗಿದೆಯಲ್ಲ. ಒಟ್ಟಿನಲ್ಲಿ ನೋವಂತೂ ಇದೆ. ಪದವನ್ನು ಸರಿಯಾಗಿಯೇ ಬಳಸಿದ್ದೇನೆ.”

ಕತ್ತೆ ಇನ್ನೊಂದು ನಿಘಂಟು ಹುಡುಕಿಕೊಂಡು ಶಾಲೆಯ ಹಿತ್ತಿಲಿಗೆ ಹೊರಟಿತು. ಕೋಳಿ ಉಳಿದೆರಡು ಮೊಟ್ಟೆಗಳನ್ನು ಮೆಲ್ಲಗೆ ಗೋಡೆಯ ಸಂದಿಗೆ ಉರುಳಿಸಿಕೊಂಡು ಹೋಯಿತು.

ಇಂದಿಗೂ ಆ ಕೊಟ್ಟಿಗೆಯಲ್ಲಿ “ಸಾರಿ” ಎಂಬ ಮಾತು ಕಿವಿಗೆ ಬಿದ್ದರೆ ಕ್ಷಮಿಸಲು ಯಾರೂ ನಿಲ್ಲುವುದಿಲ್ಲ. ಎಲ್ಲರೂ ತಮ್ಮ ತಮ್ಮ ಮರಿಗಳನ್ನು ಕರೆದುಕೊಂಡು ಜಾಗ ಖಾಲಿ ಮಾಡುತ್ತಾರೆ.