ತಾಯಿ ಇಲಿಯೂ ಗಾಜಿನ ಎಳೆಯೂ

"ಮತ್ತೆ ಅಡ್ಡ ಬಂದೆಯಾ? ಹಾಲು ಕುಡಿಸುವಾಗಲಾದರೂ ಸುಮ್ಮನಿರಬಾರದೇ?" ಎಂದು ಪ್ರಯೋಗಾಲಯದ ತಾಯಿ ಇಲಿ ತನ್ನ ತಲೆಗೆ ಸಿಕ್ಕಿಸಿದ್ದ ಗಾಜಿನ ಎಳೆಯನ್ನು ಬೈಯಿತು. ಎಳೆಯಿಂದ ಮಿದುಳಿಗೆ ನೀಲಿ ಬೆಳಕು ಇಳಿದರೆ ಸಾಕು, ಇಲಿ ಬೇಡವೆಂದರೂ ಅದರ ಕಾಲುಗಳು ಎಡಕ್ಕೆ ಸುತ್ತುತ್ತಿದ್ದವು.

"ಸುತ್ತಿದ್ದು ನಿನ್ನ ಕಾಲೇ, ತಾಯಿ. ನಾನು ಬೆಳಕು ಬಿಟ್ಟೆ, ಅಷ್ಟೇ" ಎಂದಿತು ಎಳೆ.

"ಮಕ್ಕಳಿಲ್ಲದ ನಿನಗೆ ಎಲ್ಲವೂ ಅಷ್ಟೇ!"

ಆ ಸುತ್ತಾಟದಲ್ಲಿ ಮರಿಯೊಂದು ಮೊಲೆಯಿಂದ ಕಳಚಿ ದೂರ ಬಿದ್ದು ಕಿರುಚಿತು. ಬೆಳಕು ಆರಿದ್ದೇ ತಡ, ಇಲಿ ಓಡಿಹೋಗಿ ಅದನ್ನು ಕಚ್ಚಿಕೊಂಡು ಗೂಡಿಗೆ ತಂದಿತು.

"ನೋಡಿದೆಯಾ? ಈ ಓಟ ನನ್ನದು. ಇದರಲ್ಲಿ ನಿನ್ನ ಕೈವಾಡವಿಲ್ಲ."

"ಒಪ್ಪಿದೆ" ಎಂದಿತು ಎಳೆ. "ಆದರೆ ಮರಿ ಕಿರುಚಿದಾಗ ಓಡಬಾರದು ಎಂದುಕೊಂಡಿದ್ದರೆ, ನಿನಗೆ ನಿಲ್ಲಲು ಆಗುತ್ತಿತ್ತೇ?"