ನೀಲಗಂಗವ್ವನ ಎಡಗಿವಿ

ಹೊಳೆದಂಡೆಯ ಮಠದ ಅಜ್ಜಾರು ಉಪದೇಶ ಮಾಡುವುದು ಕಡಿಮೆ, ಕೆಣಕುವುದು ಹೆಚ್ಚು. ಅದಕ್ಕೇ ಅವರಿಗೆ ಶಿಷ್ಯರೂ ಕಡಿಮೆ.

ಇದ್ದವರಲ್ಲಿ ನೀಲಗಂಗವ್ವ ಒಬ್ಬಳು. ನೂಲಿನ ಗಿರಣಿಯಲ್ಲಿ ಕೆಲಸ. ರಜೆಯ ದಿನ ಬುತ್ತಿ ಕಟ್ಟಿಕೊಂಡು ಮಠಕ್ಕೆ ಬರುತ್ತಿದ್ದಳು.

ಆ ದಿನ ಬಂದವಳೇ ಅಂದಳು: "ಅಜ್ಜಾರ, ಗಿರಣ್ಯಾಗ ಅರ್ಧ ಮಂದೀನ ತೆಗಿಯಾಕತ್ತಾರ್ರಿ. ನನಗ ಎಡಗಿವಿ ಕೇಳಂಗಿಲ್ಲ, ಅದು ಅವರಿಗೆ ಗೊತ್ತಿಲ್ಲ. ಹೇಳಿದ್ರ ಮೊದಲ ನನ್ನ ತೆಗೀತಾರ. ಮುಚ್ಚಿಟ್ಟು ಸಿಕ್ಕಿಬಿದ್ರ ಸುಳ್ಳಬುರಕಿ ಅಂತ ತೆಗೀತಾರ. ಹೇಳ್ಲೋ ಬ್ಯಾಡೋ, ನೀವ ಹೇಳ್ರಿ."

ಅಜ್ಜಾರು ಎದ್ದು ಬಂದು ಅವಳ ಎಡಕ್ಕೆ ಕೂತರು. ಮೆಲ್ಲಗೆ ಏನೋ ಕೇಳಿದರು.

ಕೇಳಿಸದ ಮಾತಿಗೆ ಅವಳದು ವರ್ಷಗಟ್ಟಲೆಯ ರೂಢಿ. ನೀಲಗಂಗವ್ವ ನಕ್ಕು ಹೂಂ ಎಂದು ತಲೆಯಾಡಿಸಿದಳು.

ಅಜ್ಜಾರು ಅವಳ ಬುತ್ತಿ ಬಿಚ್ಚಿ, ರೊಟ್ಟಿಯನ್ನೆಲ್ಲ ಮಠದ ಆಕಳ ಮುಂದೆ ಹಾಕಿದರು.

"ಅಯ್ಯ, ನನ್ನ ರೊಟ್ಟಿ!"

"ಆಕಳಿಗೆ ಹಾಕ್ಲೇನು ಅಂತ ಕೇಳಿದೆ. ಹೂಂ ಅಂದಿ."

"ನನಗ ಕೇಳಿಸಲಿಲ್ರಿ!"

"ಕೇಳಿಸಲಿಲ್ಲ ಅಂತ ಅನ್ನಲಿಲ್ಲಲ್ಲ ಮತ್ತ. ಗಿರಣ್ಯಾಗೂ ಹಿಂಗ ಹೂಂ ಅಂತಿಯೇನು?"

ನೀಲಗಂಗವ್ವನ ಮುಖ ಇಳಿಯಿತು. "ಮೊನ್ನೆ ಮೇಸ್ತ್ರಿ ಏನೋ ಅಂದಾ. ತಲಿ ಆಡಿಸಿ ಬಂದೆ."

"ಏನಂದಾ?"

"ಗೊತ್ತಿಲ್ರಿ." ಕೆಲಸ ಬಿಡುತ್ತೀಯಾ ಎಂದೇ ಕೇಳಿದ್ದನೇನೋ!

ಆಮೇಲೆ ಅಂದಳು: "ಹಂಗಾರ ಹೇಳಿಬಿಡ್ತೀನಿ. ಸಾಹೇಬರ ಕಾಲು ಹಿಡೀತೀನಿ. ಕಿವುಡಿ ಮ್ಯಾಲ ದಯಾ ಇರಲಿ ಅಂತೀನಿ."

ಅಜ್ಜಾರಿಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಅವರ ದನಿ ಇನ್ನೂ ತಗ್ಗುತ್ತಿತ್ತು. ಅದಕ್ಕೇ ಅವಳ ಬಲಕ್ಕೆ, ಕೇಳುವ ಕಿವಿಯ ಕಡೆ ಬಂದು ಕೂತರು.

"ಗಿರಣಿ ಸೇರಿದಾಗ ನಿನ್ನ ಕಿವಿ ಹೆಂಗಿದ್ದುವು?"

"ಎರಡೂ ನೆಟ್ಟಗಿದ್ದುವ್ರಿ."

"ಮತ್ತ ಎಡಗಿವಿ ಎಲ್ಲಿ ಹೋತು?"

"ಆ ಯಂತ್ರದ ಸಪ್ಪಳದಾಗ. ದಿನಾ ಒಂದೀಟು ಒಂದೀಟು ಹೋತು, ನನಗ ಗೊತ್ತಾಗದಂಗ."

ತಾನು ಹೇಳಿದ್ದನ್ನು ತಾನೇ ಆಗ ಮೊದಲ ಸಲ ಕೇಳಿದ್ದಳು. ಎದ್ದು ನಿಂತು ಸೆರಗು ಬಿಗಿದಳು. ಕಣ್ಣು ಕೆಂಪಾಗಿದ್ದವು, ನೀರಿರಲಿಲ್ಲ.

"ತೆಗೆದ್ರ ತೆಗೀಲಿ. ಯಾರ ಕಾಲೂ ಹಿಡಿಯಂಗಿಲ್ಲ. ನಾಳೆ ಹೋಗಿ ಎಲ್ಲಾರ ಮುಂದ ಹೇಳ್ತೀನಿ."

"ಹೇಳಾಕ ಹೋಗಬ್ಯಾಡ, ತಂಗಿ," ಅಂದರು ಅಜ್ಜಾರು. "ನನ್ನ ಕಿವಿ ಎಲ್ಲಿಟ್ಟೀರಿ ಅಂತ ಕೇಳಾಕ ಹೋಗು."