ಮೊದಲ ದೋಣಿಯ ಮುಂತುದಿ

ಶಿಷ್ಯನೊಬ್ಬ ಕೇಳಿದ: “ಗುರುಗಳೇ, ಸಾವಿನ ಜಾಗಕ್ಕೆ ಯಂತ್ರವನ್ನು ಕಳಿಸಿ ತಾವು ದಡದಲ್ಲಿ ಕೂರುವವರನ್ನು ಧೀರರು ಎನ್ನಬಹುದೇ?”

ಗುರುಗಳು ಹೇಳಿದರು:

ಒಂದು ಕೊಲ್ಲಿಯಿತ್ತು. ಯುದ್ಧ ಮುಗಿದಿತ್ತು, ಮೈನುಗಳು ಮಾತ್ರ ನೀರಿನಡಿಯಲ್ಲೇ ಉಳಿದಿದ್ದವು. ಮೇಲೆ ಹಡಗೋ ದೋಣಿಯೋ ಹಾದರೆ ಸಿಡಿಯುವ ಬಾಂಬುಗಳು ಅವು. ಒಬ್ಬ ಮುಳುಗುಗಾರ ವರ್ಷಗಟ್ಟಲೆ ಕೈಯಿಂದ ತಡಕಿ ಅವನ್ನು ತೆಗೆಯುತ್ತಿದ್ದ. ಆ ಊರಿಗೊಂದು ಕಟ್ಟಳೆ. ‘ದಾರಿ ಶುದ್ಧ’ ಎಂದು ಹೇಳಿದವರೇ ಮೊದಲ ದೋಣಿಯ ಮುಂತುದಿಯಲ್ಲಿ ಕೂರಬೇಕು. ಅಷ್ಟೂ ವರ್ಷ ಅಲ್ಲಿ ಕೂತವನು ಮುಳುಗುಗಾರನೇ.

ಆಳದ ಒತ್ತಡಕ್ಕೆ ಅವನ ಕಿವಿ ಕೆಟ್ಟಿತು. ಅವನ ಬದಲಿಗೆ ಒಬ್ಬ ಯುವತಿ ಬಂದಳು. ಆಳಿಲ್ಲದೆ ನೀರಿನಡಿ ಸಾಗುವ ಎರಡು ಯಂತ್ರಗಳನ್ನು ತಂದಳು. ಗದ್ದೆ ಉಳುವಂತೆ, ಸಾಲಿನ ಪಕ್ಕ ಸಾಲು ಬಿಡದೆ ಒಂದು ಯಂತ್ರವನ್ನು ಓಡಿಸಿದಳು. ಅದು ಶಬ್ದ ಕಳಿಸುತ್ತಿತ್ತು, ಮರುದನಿಯಿಂದ ದಡದಲ್ಲಿದ್ದ ಅವಳ ಪರದೆಯ ಮೇಲೆ ತಳದ ಚಿತ್ರ ಮೂಡಿಸುತ್ತಿತ್ತು. ಮೈನು ಕಂಡರೆ ಪಕ್ಕದಲ್ಲಿ ಸಿಡಿಮದ್ದು ಇಟ್ಟು, ದೂರ ಸರಿದು ಸಿಡಿಸುತ್ತಿತ್ತು.

ಮೀನುಗಾರರು ನಕ್ಕರು. “ಏನವ್ವಾ, ಕಾಲು ಒದ್ದೆಯಾಗದ ಹಾಗೆ ಸಮುದ್ರ ಗುಡಿಸ್ತೀಯಾ?”

ಮುಳುಗುಗಾರನೂ ನಕ್ಕ. ಆದರೆ ಈ ಸಲ ಮೊದಲ ದೋಣಿ ನಡೆಸುವವನು ಅವನ ಮಗ. ಹಾಗಾಗಿ ಅವನು ದಿನವೂ ಬಂದು ಅವಳ ಬೆನ್ನ ಹಿಂದೆ ನಿಂತು ನೋಡಿದ. ಒಂದು ಸಾಲೂ ತಪ್ಪುವುದನ್ನು ಕಾಣಲಿಲ್ಲ.

ಕೊನೆಯ ಸಾಲಿನ ನಡುವೆ ಮೈನೊಂದು ತಾನೇ ಸಿಡಿಯಿತು. ಯಂತ್ರ ಚೂರುಚೂರಾಯಿತು. ಜನ ಮತ್ತೆ ನಕ್ಕರು. ಮುಳುಗುಗಾರನಿಗೆ ನಗು ಬರಲಿಲ್ಲ. ಅವನು ಕದಡಿದ ನೀರನ್ನೇ ನೋಡುತ್ತ, “ಅಲ್ಲಿ ಇರಬೇಕಾದವನು ನಾನು,” ಎಂದ.

“ಸಿಡಿಯೋದು ಸಿಡೀತಲ್ಲ! ಬಂಗಡೆ ಮೀನು ಬಂದಿದೆ, ದಾರಿ ಬಿಡು ತಾಯಿ,” ಎಂದರು ಮೀನುಗಾರರು.

“ಆ ಸಾಲು ಮುಗಿದಿಲ್ಲ, ಅಣ್ಣಾ.”

ಉಳಿದ ಒಂದೇ ಯಂತ್ರವನ್ನು ಅದೇ ಸಾಲಿನ ತುದಿಯಿಂದ ಮತ್ತೆ ಬಿಟ್ಟಳು. ಜನ ಬೈದರು. ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಮೊದಲನೆಯದು ಸಿಡಿದ ಜಾಗದಿಂದ ಸ್ವಲ್ಪ ಮುಂದೆ, ಬಂಡೆಯ ಮರೆಯಲ್ಲಿ, ಇನ್ನೊಂದು ಮೈನಿತ್ತು. ಅದನ್ನು ಸಿಡಿಸಿ, ಸಾಲನ್ನು ಕೊನೆಯವರೆಗೆ ನೋಡಿ, ಆಮೇಲೆ ‘ದಾರಿ ಶುದ್ಧ’ ಎಂದಳು.

ಈಗ ಯಾರೂ ನಗಲಿಲ್ಲ. ಊರಿನ ಹಿರಿಯ ಹೇಳಿದ: “ಕಟ್ಟಳೆ ಮುಳುಗುವವರಿಗೆ ಮಾತ್ರ ತಾಯಿ. ನೀನು ದಡದಲ್ಲೇ ಇರು.”

ಅವಳು ದೋಣಿಯ ಕಡೆ ನಡೆದಳು. ಮುಳುಗುಗಾರ ಮೆಲ್ಲಗೆ ಕೇಳಿದ: “ಈಜು ಬರುತ್ತದೇನಮ್ಮಾ?”

“ಬರೋದಿಲ್ಲ.”

ಅವನು ಕೈಕೊಟ್ಟು ಅವಳನ್ನು ಮುಂತುದಿಗೆ ಹತ್ತಿಸಿದ. ತಾನು ಕೂರುತ್ತಿದ್ದ ಹಲಗೆಯನ್ನು ಹೆಗಲ ಮೇಲಿನ ಬಟ್ಟೆಯಿಂದ ಒರೆಸಿಕೊಟ್ಟ. ಆಮೇಲೆ ಮಗನತ್ತ ತಿರುಗಿ, “ಹೊರಡು,” ಎಂದ.

ಗುರುಗಳು ಕತೆ ನಿಲ್ಲಿಸಿ ಶಿಷ್ಯನನ್ನು ನೋಡಿದರು.

“ಮಗು, ನಿನ್ನ ಪ್ರಶ್ನೆಯನ್ನು ಎಲ್ಲಿ ಕೂತು ಕೇಳಿದೆ, ದಡದಲ್ಲೋ ದೋಣಿಯಲ್ಲೋ?”